ಹತ್ತು ನಿಮಿಷದ ಕರೆಂಟು

ಲೈನ್‌ಮನ್ ಚಾಮಯ್ಯ ಪಂಕ್ತಿಯಲ್ಲಿ ಕೂತರೆ ಬಡಿಸುವವರಿಗೆ ಫಜೀತಿಯಾಗುತ್ತಿತ್ತು. ಮದುವೆ ಮನೆಯಾಗಲಿ, ಗೃಹಪ್ರವೇಶವಾಗಲಿ, ಎಲೆಯ ಮುಂದೆ ಕೂತವರು ಬಾಯಿಬಿಟ್ಟು 'ಸಾಕು' ಅನ್ನಬೇಕು; ಅನ್ನುವ ತನಕ ಬಡಿಸುವವನು ಮುಂದಿನ ಎಲೆಗೆ ಹೋಗಬಾರದು. ನಮ್ಮ ಕಡೆ ಅದೇ ಮರ್ಯಾದೆ. ಚಾಮಯ್ಯ ಆ ಮಾತನ್ನು ಆಡುತ್ತಿರಲಿಲ್ಲ. ಎಡ ಅಂಗೈಯನ್ನು ಬಡಿಸುವವನ ಕಡೆ ತೋರಿಸಿ ಸುಮ್ಮನೆ ಕೂರುತ್ತಿದ್ದ. ಹೊಸಬರು ಅದನ್ನು ಸಂಕೋಚ ಅಂದುಕೊಂಡು ಕೈ ಸರಿಸಿ ಇನ್ನೊಂದು ಸೌಟು ಸುರಿಯುತ್ತಿದ್ದರು. ಬಲ್ಲವರು ಆ ಅಂಗೈ ನೋಡಿ ಮುಂದೆ ಹೋಗುತ್ತಿದ್ದರು. ಅಂಗೈಯ ನಡುವೆ ಬಾಚಣಿಗೆ ಒತ್ತಿ ತೆಗೆದ ಹಾಗೆ ಸಾಲು ಸಾಲು ಗೆರೆ. ಚರ್ಮ ಅಲ್ಲಿ ಬಿಳಿಚಿಕೊಂಡು ನುಣ್ಣಗೆ ಹೊಳೆಯುತ್ತಿತ್ತು. ಕಂಬದ ಮೇಲೆ ಶಾಕ್ ಹೊಡೆದದ್ದು ಎಂದು ಗಲ್ಲಿಯವರೆಲ್ಲ ತಿಳಿದಿದ್ದರು. ಚಾಮಯ್ಯ ಹೌದು ಅಂತಲೂ ಅನ್ನಲಿಲ್ಲ, ಅಲ್ಲ ಅಂತಲೂ ಅನ್ನಲಿಲ್ಲ.

ಅದು ಕಂಬದಿಂದ ಬಂದ ಗುರುತಲ್ಲ. ಅವನ ಮನೆಯ ನಡುಕೋಣೆಯಲ್ಲಿ, ಬೆಳಗಿನ ಹೊತ್ತು, ಹೆಂಡತಿ ಮಗಳ ಕಣ್ಣೆದುರಿಗೇ ಬಂದದ್ದು.

ಚಾಮಯ್ಯ ಹುಟ್ಟಿದ್ದು ಮೇಟಗಳ್ಳಿಯ ಒಕ್ಕಲು ಮನೆಯಲ್ಲಿ. ಅಣ್ಣತಮ್ಮಂದಿರು ಐದು ಜನ, ಹೊಲ ಮಾತ್ರ ಒಂದೇ. ನಾಲ್ಕನೆಯವನಾದ ಚಾಮಯ್ಯ ತನ್ನ ಪಾಲು ಕೇಳದೆ ಮೈಸೂರಿಗೆ ಬಂದು ವಿದ್ಯುತ್ ಇಲಾಖೆಯಲ್ಲಿ ಕಂಬಕ್ಕೆ ಗುಂಡಿ ತೋಡುವ ಕೆಲಸಕ್ಕೆ ಸೇರಿದ. ಯುದ್ಧ ನಡೆಯುತ್ತಿರುವಾಗಲೇ ಲೈನ್‌ಮನ್ ಆದ. ಬನ್ನಿಮಂಟಪದ ಈಚೆಗೆ ಒಂದು ಗಲ್ಲಿಯಲ್ಲಿ ಮನೆ ಹಿಡಿದು ಬೀರಮ್ಮನನ್ನು ಮದುವೆಯಾದ. ಹುಟ್ಟಿದ ಒಬ್ಬಳೇ ಮಗಳಿಗೆ ತನ್ನ ತಾಯಿಯ ಹೆಸರು ಇಟ್ಟ, ಪುಟ್ಟತಾಯಮ್ಮ ಅಂತ. ಕರೆಯುವುದು ಪುಟ್ಟತಾಯಿ.

ಎರಡು ವರ್ಷದ ಕೂಸಾಗಿದ್ದಾಗ ಪುಟ್ಟತಾಯಿಗೆ ವಿಷಮಜ್ವರ ಬಂತು. ಇಪ್ಪತ್ತೊಂದು ದಿನ ಸುಟ್ಟ ಜ್ವರ ಬಿಟ್ಟಾಗ ಮಗು ಬದುಕಿತು ಅಂತ ದಂಪತಿಗಳು ಬೆಟ್ಟ ಹತ್ತಿ ದೇವಿಗೆ ಮುಡಿ ಕೊಟ್ಟು ಬಂದರು. ಆಡಲು ಶುರು ಮಾಡಿದ್ದ ನಾಲ್ಕು ಮಾತು ನಿಂತುಹೋಗಿವೆ ಅನ್ನುವುದು ಗೊತ್ತಾದದ್ದು ಆಮೇಲೆ. ಹಿಂದಿನಿಂದ ಕರೆದರೆ ತಿರುಗುತ್ತಿರಲಿಲ್ಲ. ಪಟಾಕಿ ಸಿಡಿದರೆ ಮಾತ್ರ ಬೆಚ್ಚುತ್ತಿದ್ದಳು.

ದೊಡ್ಡಾಸ್ಪತ್ರೆಗೆ ಹೊರದೇಶದಲ್ಲಿ ಓದಿ ಬಂದ ಕಿವಿ ಡಾಕ್ಟರೊಬ್ಬರು ಬಂದಿದ್ದಾರೆ ಎಂದು ಯಾರೋ ಹೇಳಿದಾಗ ಮಗುವಿಗೆ ಐದು ತುಂಬಿತ್ತು. ಸ್ವಾತಂತ್ರ್ಯ ಬಂದು ನಾಲ್ಕನೆಯ ವರ್ಷ ಅದು. ಡಾಕ್ಟರು ಮಗುವಿನ ಕಿವಿಯ ಹತ್ತಿರ ಏನೇನೋ ಬಡಿದು ನೋಡಿ ಹೇಳಿದರು: "ಕಿವಿ ಪೂರ್ತಿ ಸತ್ತಿಲ್ಲಪ್ಪ. ಆಳದಲ್ಲಿ ಒಂದಿಷ್ಟು ಉಳಿದಿದೆ. ಮಾತನ್ನ ತುಂಬ ಜೋರು ಮಾಡಿ, ಸ್ಪಷ್ಟವಾಗಿ, ದಿನಾ ಕಿವಿಗೆ ಹಾಕಬೇಕು. ಅದಕ್ಕೆ ಹೊರದೇಶದಲ್ಲಿ ಯಂತ್ರ ಇದೆ, ನಮ್ಮಲ್ಲಿ ಸಿಗೋದು ಕಷ್ಟ. ಆರು ತುಂಬೋದರೊಳಗೆ ಒಂದಾದರೂ ಮಾತು ಕಚ್ಚಿಕೊಳ್ಳಬೇಕು. ತಡವಾದರೆ ನಾಲಿಗೆ ತಿರುಗೋದಿಲ್ಲ."

ಪುಟ್ಟತಾಯಿ ಹುಟ್ಟಿದ್ದು ಮಹಾನವಮಿಯ ದಿವಸ. ಆಸ್ಪತ್ರೆಯಿಂದ ಹೊರಬಂದಾಗ ಮಾಘ ಮಾಸ ನಡೆಯುತ್ತಿತ್ತು. ಬೀರಮ್ಮ ಬೆರಳು ಮಡಚುತ್ತ ತಿಂಗಳು ಎಣಿಸಿದಳು. ಚಾಮಯ್ಯ ಎಣಿಸಲಿಲ್ಲ. "ಯಂತ್ರ ಅಂದ್ರೇನು? ಒಂದು ಮೈಕು, ಒಂದು ಆಂಪ್ಲಿಫೈಯರು, ಕಿವಿಗೆ ಒಂದು ಹೆಡ್‌ಫೋನು. ನಾನೇ ಮಾಡ್ತೀನಿ ಬುಡು," ಅಂದ.

ಅದು ಬರಿಯ ಬಡಾಯಿಯಾಗಿರಲಿಲ್ಲ. ಶಿವರಾಂಪೇಟೆಯಲ್ಲಿ ನಂಜುಂಡಸ್ವಾಮಿಯವರ ರೇಡಿಯೋ ರಿಪೇರಿ ಅಂಗಡಿಯಿತ್ತು. ಡ್ಯೂಟಿ ಮುಗಿದ ಮೇಲೆ ಚಾಮಯ್ಯ ಅಲ್ಲೇ ಹೋಗಿ ಕೂರುತ್ತಿದ್ದ. ಬೆಸುಗೆ ಹಾಕುವುದು, ವಾಲ್ವು ಅನ್ನುವ ಗಾಜಿನ ಬುರುಡೆಗಳನ್ನು ಪರೀಕ್ಷೆ ಮಾಡುವುದು, ಕೆಟ್ಟ ರೇಡಿಯೋ ಬಿಚ್ಚಿ ಕಟ್ಟುವುದು ಎಲ್ಲ ಕಲಿತಿದ್ದ. ಬೆಂಗಳೂರಿನ ಮಿಲಿಟರಿ ಹರಾಜಿನಿಂದ ಬಂದ ಹೆಡ್‌ಫೋನು ಮತ್ತು ಮೈಕು ಅಂಗಡಿಯ ಅಟ್ಟದ ಮೇಲಿದ್ದವು. ಹಳೆಯ ರೇಡಿಯೋಗಳಿಂದ ಮೂರು ವಾಲ್ವು ಸಿಕ್ಕಿದವು. ಒಂದು ತಿಂಗಳಲ್ಲಿ ತಗಡಿನ ಪೆಟ್ಟಿಗೆಯ ಮೇಲೆ ಆಂಪ್ಲಿಫೈಯರ್ ಎದ್ದು ನಿಂತಿತು. ಉಳಿದದ್ದು ಟ್ರಾನ್ಸ್‌ಫಾರ್ಮರ್ ಒಂದೇ. ಗೋಡೆಯ ಕರೆಂಟನ್ನು ತೆಗೆದುಕೊಂಡು ವಾಲ್ವಿಗೆ ಬೇಕಾದಷ್ಟು ಏರಿಸಿ ಇಳಿಸಿ ಕೊಡುವುದು ಅದರ ಕೆಲಸ; ಅದಿಲ್ಲದೆ ಉಳಿದದ್ದೆಲ್ಲ ಬರೀ ತಗಡು ಗಾಜು.

ಇಲ್ಲಿ ಒಂದು ವಿಷಯ ಹೇಳದಿದ್ದರೆ ಮುಂದಿನದು ತಿಳಿಯುವುದಿಲ್ಲ. ಆಗ ಮೈಸೂರಿನ ತಂತಿಗಳಲ್ಲಿ ಎರಡು ಥರದ ಕರೆಂಟು ಹರಿಯುತ್ತಿತ್ತು. ಶಿವನಸಮುದ್ರದ ಹಳೆಯ ಕರೆಂಟು ಇಪ್ಪತ್ತೈದು ಸೈಕಲ್ಲಿನದು, ಅಂದರೆ ಸೆಕೆಂಡಿಗೆ ಇಪ್ಪತ್ತೈದು ಸಲ ಹಿಂದೆ ಮುಂದೆ ತೂಗುವಂಥದ್ದು. ಬಲ್ಬನ್ನು ದಿಟ್ಟಿಸಿದರೆ ಬೆಳಕು ಅದುರುವುದು ಕಾಣುತ್ತಿತ್ತು. ಜೋಗದ ಹೊಸ ಕರೆಂಟು ಐವತ್ತು ಸೈಕಲ್ಲಿನದು. ಇಲಾಖೆಯವರು ಒಂದೊಂದೇ ಬೀದಿಯಲ್ಲಿ ಹಳೆಯದನ್ನು ತೆಗೆದು ಹೊಸದನ್ನು ಕೊಡುತ್ತಿದ್ದರು. ಪೇಟೆ ಬೀದಿಗಳಿಗೆ ಬಂದಾಗಿತ್ತು, ಚಾಮಯ್ಯನ ಗಲ್ಲಿಗೆ ಬರಬೇಕಾಗಿತ್ತು. ಇಪ್ಪತ್ತೈದಕ್ಕೆಂದು ಮಾಡಿದ ಟ್ರಾನ್ಸ್‌ಫಾರ್ಮರ್ ಎರಡು ಕರೆಂಟಿಗೂ ಆಗುತ್ತದೆ. ಐವತ್ತಕ್ಕೆಂದು ಮಾಡಿದ್ದನ್ನು ಇಪ್ಪತ್ತೈದರ ಮೇಲೆ ಹಚ್ಚಿದರೆ ಅದರೊಳಗಿನ ಕಬ್ಬಿಣ ಸಾಲದೆ ವಿಪರೀತ ಕರೆಂಟು ಎಳೆದುಕೊಂಡು ಕಾದು ಸುಟ್ಟುಹೋಗುತ್ತದೆ. ಇದು ಚಾಮಯ್ಯನಿಗೆ ಗೊತ್ತಿರಲಿಲ್ಲ ಅಂದುಕೊಳ್ಳಬೇಡಿ. ಊರಿಗೆಲ್ಲ ಬುದ್ಧಿ ಹೇಳುತ್ತಿದ್ದವನೇ ಅವನು.

ಯುಗಾದಿಗೆ ನಾಲ್ಕು ದಿನ ಇರುವಾಗ ನಂಜುಂಡಸ್ವಾಮಿ ಎರಡು ಟ್ರಾನ್ಸ್‌ಫಾರ್ಮರುಗಳನ್ನು ಅವನ ಮುಂದಿಟ್ಟರು. ಒಂದು ಯಾವುದೋ ಟಾಕೀಸಿನ ಆಂಪ್ಲಿಫೈಯರಿನಿಂದ ಬಿಚ್ಚಿದ್ದು. ಒರಳುಕಲ್ಲಿನ ಭಾರ, ಮೈಯೆಲ್ಲ ತುಕ್ಕು. ಇನ್ನೊಂದು ಹೊಚ್ಚ ಹೊಸದು, ಒಂದು ಕೈಯಲ್ಲಿ ಎತ್ತುವಂಥದ್ದು.

"ದೊಡ್ಡದನ್ನೇ ತಗೊಳಯ್ಯ," ನಂಜುಂಡಸ್ವಾಮಿ ಅಂದರು. "ಇಪ್ಪತ್ತೈದು ಸೈಕಲ್‌ದು. ಹಳೇ ಕರೆಂಟಿಗೂ ಆಯ್ತದೆ, ಹೊಸದಕ್ಕೂ ಆಯ್ತದೆ. ಇನ್ನಿಪ್ಪತ್ತು ವರ್ಷ ಸಾಯಲ್ಲ."

ಚಾಮಯ್ಯ ಎರಡನ್ನೂ ಒಂದೊಂದಾಗಿ ಹಚ್ಚಿ ಹೆಡ್‌ಫೋನು ಕಿವಿಗಿಟ್ಟುಕೊಂಡ. ದೊಡ್ಡದು ಗುಂಯ್ ಎಂದು ಒಂದೇ ಸಮನೆ ಗೊಣಗುತ್ತಿತ್ತು. ಹೊಸದರಲ್ಲಿ ಅಂಗಡಿಯ ಗಡಿಯಾರದ ಟಿಕ್ ಟಿಕ್ ಕೂಡ ಕೇಳಿಸಿತು.

"ಇದೇನ್ ಸ್ವಾಮಿ, ಇಂಗೆ ಗುಂಯ್‌ಗುಟ್ತದೆ?"

"ಒಳಗೆ ಸಾಲಾಗಿ ಜೋಡ್ಸಿರೋ ತಗಡು ಸಡಿಲ ಆಗವೆ. ಬಿಗಿ ಮಾಡುದ್ರೆ ಕಮ್ಮಿಯಾಯ್ತದೆ."

"ಪೂರ್ತಿ ಹೋಯ್ತದಾ?"

"ಪೂರ್ತಿ ಅಂದ್ರೆ ಎಂಗಯ್ಯ ಹೇಳ್ಲಿ?"

"ಸ್ಪಷ್ಟವಾಗಿ ಕೇಳಿಸ್ಬೇಕು ಅಂದವ್ರೆ ಡಾಕ್ಟ್ರು. ಇರೋ ಚೂರು ಕಿವೀನೂ ಈ ಗುಂಯ್‌ಗೇ ಹೋದ್ರೆ, ಅವಳವ್ವನ ಮಾತು ಎಲ್ಲಿ ನುಗ್ಗಬೇಕು?"

ನಂಜುಂಡಸ್ವಾಮಿ ಕನ್ನಡಕ ತೆಗೆದು ಒರೆಸಿದರು. "ನಿಮ್ ಗಲ್ಲೀಲಿ ಇರೋದು ಹಳೇ ಕರೆಂಟಲ್ವೇನೋ?"

"ಯುಗಾದಿ ಕಳುದ್ ತಿಂಗಳಿಗೆ ಹೊಸದು ಬತ್ತದೆ ಸ್ವಾಮಿ. ಆರ್ಡರು ಕಣ್ಣಾರೆ ನೋಡಿವ್ನಿ. ಕಂಬ ಹತ್ತೋನೇ ನಾನು."

"ಆರ್ಡರ್ ನಂಬ್ಕೊಂಡು ತಗೊತಿಯಾ?"

"ನಮ್ ಇಲಾಖೇದು ಸ್ವಾಮಿ," ಅಂದ ಚಾಮಯ್ಯ, ಎದೆ ಸ್ವಲ್ಪ ಮುಂದೆ ಬಂತು.

ಹತ್ತು ವರ್ಷ ಇಲಾಖೆಯಲ್ಲಿ ದುಡಿದವನು ಇಲಾಖೆಯ ತಾರೀಖನ್ನು ನಂಬುವುದೆಂದರೆ! ಬೇರೆ ಯಾರೇ ಆಗಿದ್ದರೂ, ಗಲ್ಲಿಯ ಹೂವಿನವಳಾಗಿದ್ದರೂ, ಈ ತಪ್ಪು ಮಾಡುತ್ತಿರಲಿಲ್ಲ. ಕಾಗದದ ಮೇಲೆ ಮೊಹರು ಬಿದ್ದದ್ದನ್ನು ಹತ್ತಿರದಿಂದ ನೋಡಿದವನಾದ್ದರಿಂದ ಚಾಮಯ್ಯ ನಂಬಿದ. ತನ್ನ ಬೈಸಿಕಲ್ಲು ಮಾರಿ ಹೊಸದನ್ನು ಕೊಂಡ, ಪೆಟ್ಟಿಗೆಯಲ್ಲಿ ಕೂರಿಸಿ, ತಂತಿಗಳನ್ನು ಅಳತೆಗೆ ಕತ್ತರಿಸಿ ಬೆಸುಗೆ ಹಾಕಿದ. ದೊಡ್ಡದನ್ನು ಮರುವಾರವೇ ನಂಜನಗೂಡಿನ ಟೆಂಟ್ ಸಿನಿಮಾದವರು ಗಾಡಿಯಲ್ಲಿ ಹೇರಿಕೊಂಡು ಹೋದರು.

ಯುಗಾದಿ ಕಳೆದು ತಿಂಗಳಾಯಿತು. ಹೊಸ ಕರೆಂಟು ಬರಲಿಲ್ಲ.

ಕಾರಣ ಗಲ್ಲಿಯ ತುದಿಯಲ್ಲೇ ಇತ್ತು. ಪ್ರಭುಸ್ವಾಮಿಯ ಹಿಟ್ಟಿನ ಗಿರಣಿಯ ಮೋಟಾರು ಹಳೆಯ ಕರೆಂಟಿನದು. ಹೊಸದು ಕೊಟ್ಟರೆ ಎರಡರಷ್ಟು ವೇಗದಲ್ಲಿ ತಿರುಗಿ ಗಿರಣಿಯೇ ಕಿತ್ತುಹೋಗುವ ಹಾಗಿತ್ತು. ಬದಲಿ ಮೋಟಾರು ಬೊಂಬಾಯಿಯಿಂದ ಬರಬೇಕು. ಅದು ಬರುವ ತನಕ ಆ ಗಲ್ಲಿಯನ್ನು ಮುಟ್ಟಬಾರದೆಂದು ಇಲಾಖೆ ಇನ್ನೊಂದು ಕಾಗದ ಬರೆಯಿತು. ಅದಕ್ಕೂ ಮೊಹರು ಬಿತ್ತು.

ಚಾಮಯ್ಯ ಗಿರಣಿಯ ಮುಂದೆ ಹೋಗಿ ನಿಂತ. "ನಿಮ್ಮ ಕಾಲಿಗೆ ಬೀಳ್ತೀನಿ ಸ್ವಾಮಿ. ಎರಡು ತಿಂಗಳು ಗಿರಣಿ ನಿಲ್ಸಿ. ಗಲ್ಲಿಗೆ ಹೊಸ ಲೈನ್ ಬರ್ಲಿ. ನನ್ ಮಗಳಿಗೆ ದಿನ ಇಲ್ಲ."

ಮೈಯೆಲ್ಲ ಹಿಟ್ಟು ಮೆತ್ತಿದ್ದ ಪ್ರಭುಸ್ವಾಮಿ ಅವನನ್ನು ಕರೆದು ಕೂರಿಸಿದರು. ಕೆಟ್ಟ ಮನುಷ್ಯರಲ್ಲ. "ನಿನ್ ಸಂಕಟ ನಂಗೆ ಗೊತ್ತಾಗಲ್ವೇನೋ ಚಾಮಯ್ಯ? ಗಿರಣಿ ನಿಂತ್ರೆ ನಮ್ಮನೆ ಕತೆ ಬುಡು, ನಾನೂರು ಮನೆ ರಾಗಿ ಎಲ್ಲಿಗೋಗ್ಬೇಕು? ನಿನ್ನೆಂಡ್ತಿ ಎಲ್ಲಿ ಬೀಸ್ತಾಳೆ? ನಾನೂ ಬೊಂಬಾಯಿಗೆ ವಾರಕ್ಕೊಂದು ಟೆಲಿಗ್ರಾಮು ಕಳುಸ್ತಾ ಇವ್ನಿ ಕಣಪ್ಪ."

ಚಾಮಯ್ಯ ಅವರಿಗೆ ಕೈಮುಗಿದ. ಎದ್ದು ಬಂದ.

ಜ್ಯೇಷ್ಠ ಮಾಸದಲ್ಲಿ ಒಂದು ದಿನ ಪೆಟ್ಟಿಗೆಯನ್ನು ತಲೆಯ ಮೇಲಿಟ್ಟುಕೊಂಡು, ಹೆಂಡತಿ ಮಗಳನ್ನು ಕರೆದುಕೊಂಡು, ಹೊಸ ಕರೆಂಟಿದ್ದ ನಂಜುಂಡಸ್ವಾಮಿಯವರ ಅಂಗಡಿಗೇ ನಡೆದ. ಅಲ್ಲಿ ಹೆಡ್‌ಫೋನು ಹಾಕಿದ್ದೇ ತಡ, ಶಿವರಾಂಪೇಟೆಯ ಜಟಕಾ ಗಾಡಿಯ ಚಕ್ರ, ತಗಡಿನ ಅಂಗಡಿಯ ಸುತ್ತಿಗೆ, ಬಸ್ಸಿನ ಹಾರನ್ನು ಎಲ್ಲ ಒಟ್ಟಿಗೆ ಮೈಕಿಗೆ ನುಗ್ಗಿ ಮಗುವಿನ ಕಿವಿಗೆ ಅಪ್ಪಳಿಸಿದವು. ಮೂರು ವರ್ಷ ಏನೂ ಕೇಳದ ಜೀವ. ಪುಟ್ಟತಾಯಿ ಚೀರಿ, ಹೆಡ್‌ಫೋನು ಕಿತ್ತೆಸೆದು, ತಾಯಿಯ ಸೆರಗಿನೊಳಗೆ ಮುಖ ಹುದುಗಿಸಿದವಳು ಮನೆ ಸೇರುವ ತನಕ ನಡುಗುತ್ತಿದ್ದಳು. ಆಮೇಲೆ ಒಂದು ವಾರ ಆ ಪೆಟ್ಟಿಗೆ ಕಂಡರೆ ಓಡುತ್ತಿದ್ದಳು.

ನಿಶ್ಶಬ್ದ ಬೇಕು, ತಾಯಿಯ ಮಾತೊಂದೇ ಬೇಕು, ಅಂದರೆ ಮನೆಯೇ ಬೇಕು. ಮನೆಯಲ್ಲಿ ಇದ್ದದ್ದು ಹಳೆಯ ಕರೆಂಟು.

ಚಾಮಯ್ಯ ನಡುವೆ ಒಂದು ಬಲ್ಬು ಸೇರಿಸಿ ಕರೆಂಟನ್ನು ತಗ್ಗಿಸಿ ನೋಡಿದ. ಟ್ರಾನ್ಸ್‌ಫಾರ್ಮರ್ ತಣ್ಣಗಿತ್ತು, ವಾಲ್ವೂ ತಣ್ಣಗಿತ್ತು. ಹೆಡ್‌ಫೋನಿನಲ್ಲಿ ಸೊಳ್ಳೆಯಷ್ಟು ದನಿ. ಮಗು ಅವನ ಮುಖವನ್ನೇ ನೋಡುತ್ತ ಕೂತಿತ್ತು. ಬಲ್ಬು ಕಿತ್ತು ಹಾಕಿದ.

ಆಷಾಢದ ಮೊದಲ ದಿನ, ಹೆಂಡತಿಯನ್ನೂ ಹತ್ತಿರ ಬಿಡದೆ, ನೇರವಾಗಿ ಹಳೆಯ ಕರೆಂಟಿಗೇ ಹಚ್ಚಿ, ಟ್ರಾನ್ಸ್‌ಫಾರ್ಮರಿನ ಮೇಲೆ ಎಡಗೈ ಇಟ್ಟುಕೊಂಡು, ಬಲಗೈಯಲ್ಲಿ ಗಡಿಯಾರ ಹಿಡಿದು ಕೂತ. ನಾಲ್ಕು ನಿಮಿಷಕ್ಕೆ ಬೆಚ್ಚಗಾಯಿತು. ಎಂಟಕ್ಕೆ ಬಿಸಿ. ಹತ್ತಕ್ಕೆ ಕೈಯಿಡುವುದು ಕಷ್ಟವಾಯಿತು. ಹನ್ನೆರಡಕ್ಕೆ ಒಳಗಿನ ತಾಮ್ರದ ಸುರುಳಿಗೆ ಬಳಿದ ವಾರ್ನಿಷ್ ಸುಡುವ ವಾಸನೆ ಏಳಲು ಶುರುವಾಯಿತು. ಫಕ್ಕನೆ ಸ್ವಿಚ್ಚು ಆರಿಸಿದ. ಪೂರ್ತಿ ಆರಲು ಅದಕ್ಕೆ ಅರ್ಧ ದಿನ ಹಿಡಿಯಿತು.

"ದಿನಕ್ಕೆ ಹತ್ ನಿಮಿಷ," ಅಂದ ಹೆಂಡತಿಗೆ. "ಅದಕ್ಕಿಂತ ಒಂದ್ ನಿಮಿಷ ಜಾಸ್ತಿ ಆಗ್ಬಾರದು, ಎರಡ್ನೇ ಸಲ ಕಾಯ್ಸೋ ಹಾಗೂ ಇಲ್ಲ."

ವಾಲ್ವು ಕಾದು ಕೆಂಪಗಾಗಿ ದನಿ ಹೊರಡಲಿಕ್ಕೇ ಒಂದು ನಿಮಿಷ ಹೋಗುತ್ತಿತ್ತು. ಉಳಿದದ್ದು ಒಂಬತ್ತು.

ಬೀರಮ್ಮ ಮೈಕು ಕೈಗೆ ತೆಗೆದುಕೊಂಡವಳು ಅದನ್ನು ನೋಡುತ್ತ ಕೂತುಬಿಟ್ಟಳು. "ಒಂಬತ್ ನಿಮಿಷದಲ್ಲಿ ಏನೇಳ್ಲಿ ಕಣ್ರೀ? ಯಾವ ಮಾತು ಇಟ್ಕೊಳ್ಲಿ, ಯಾವುದ್ನ ಬುಡ್ಲಿ? ಒಂದು ಕೂಸಿಗೆ ಎಷ್ಟು ಮಾತು ಬೇಕು ಅಂತ ಯಾವ ತಾಯಿ ಲೆಕ್ಕ ಹಾಕವ್ಳೆ?"

ಕೊನೆಗೆ ಆರು ಮಾತು ಆರಿಸಿಕೊಂಡಳು. ಅವ್ವ, ಅಪ್ಪ, ಅನ್ನ, ನೀರು, ಬಾ, ಕಾಗೆ. ಕಾಗೆ ಯಾಕೆಂದು ಚಾಮಯ್ಯ ಕೇಳಿದ್ದಕ್ಕೆ, ಮಗು ಹಿತ್ತಲಲ್ಲಿ ಕಾಗೆಯ ಜೊತೆಯೇ ಆಡುವುದು, ಅದರ ಹೆಸರಾದರೂ ಗೊತ್ತಾಗಲಿ ಎಂದಳು.

ಗಿರಣಿ ಶುರುವಾಗುವ ಮುಂಚೆ, ಬೆಳಗಿನ ಆರು ಗಂಟೆಗೆ, ಅವರು ಮೂವರೂ ನಡುಕೋಣೆಯಲ್ಲಿ ಚಾಪೆ ಹಾಸಿ ಕೂರುತ್ತಿದ್ದರು. ಹೆಡ್‌ಫೋನು ಹಾಕಿಸಿಕೊಳ್ಳಲು ಮಗುವನ್ನು ಒಪ್ಪಿಸುವುದರಲ್ಲೇ ಮೂರು ದಿನ ಹೋಯಿತು. ನಾಲ್ಕನೆಯ ದಿನ ಬೀರಮ್ಮ "ಪುಟ್ಟತಾಯೀ" ಅಂದಾಗ ಮಗು ಸಟ್ಟನೆ ತಲೆಯೆತ್ತಿ ತಾಯಿಯ ಬಾಯಿ ನೋಡಿತು. ಮತ್ತೆ ಅಂದಾಗ ತಾಯಿಯ ತುಟಿಯ ಮೇಲೆ ಬೆರಳಿಟ್ಟಿತು. ಬೀರಮ್ಮ ಅಳು ನುಂಗಿಕೊಂಡು ಆರು ಮಾತನ್ನೂ ಸಾಲಾಗಿ ಹೇಳಿದಳು, ಅಳುವುದಕ್ಕೂ ಪುರುಸೊತ್ತಿರಲಿಲ್ಲ.

ಚಾಮಯ್ಯನ ಕೆಲಸ ಒಂದೇ. ಎಡಗೈ ಟ್ರಾನ್ಸ್‌ಫಾರ್ಮರಿನ ಮೇಲೆ, ಬಲಗೈ ಸ್ವಿಚ್ಚಿನ ಹತ್ತಿರ. ಅಂಗೈ ತಡೆಯಲಾರದೆ ಹೋದಾಗ ಮೈಕಿನ ಕಡೆ ಬಗ್ಗಿ "ಸಾಕು ಕಣವ್ವಾ, ಸಾಕು" ಎಂದು ಸ್ವಿಚ್ಚು ಆರಿಸುತ್ತಿದ್ದ. ಮಗುವಿನ ಮುಖ ಆರಿಹೋಗುತ್ತಿತ್ತು. ಹೆಡ್‌ಫೋನು ಬಿಚ್ಚಲು ಬಿಡುತ್ತಿರಲಿಲ್ಲ, ಸತ್ತ ಹೆಡ್‌ಫೋನನ್ನೇ ಎರಡು ಕೈಯಲ್ಲಿ ಒತ್ತಿ ಹಿಡಿದು ಕೂರುತ್ತಿತ್ತು. ಅದನ್ನು ನೋಡಲಾರದೆ ಚಾಮಯ್ಯ ಡ್ಯೂಟಿಗೆ ಬೇಗ ಹೊರಟುಬಿಡುತ್ತಿದ್ದ. ಆ ಹೊಸ ಟ್ರಾನ್ಸ್‌ಫಾರ್ಮರನ್ನೇ ಕೊಂಡ ತನ್ನ ಬುದ್ಧಿಗೆ, ತನ್ನ ಜಂಬಕ್ಕೆ, ದಾರಿಯುದ್ದಕ್ಕೂ ಬೈದುಕೊಳ್ಳುತ್ತಿದ್ದ.

ಆಷಾಢ ಹೋಯಿತು, ಶ್ರಾವಣ ಹೋಯಿತು. ಮಗು ಕೇಳುತ್ತಿತ್ತು, ಆಡಲಿಲ್ಲ. ಬೀರಮ್ಮ ಕಾಗೆ ಅಂದರೆ ಹಿತ್ತಲ ಬಾಗಿಲು ನೋಡುತ್ತಿತ್ತು. ಬಾಯಿ ಮಾತ್ರ ಬಿಡಲಿಲ್ಲ. ಗೌರಿ ಹಬ್ಬವೂ ಕಳೆಯಿತು. ಬೊಂಬಾಯಿಯ ಮೋಟಾರು ಬರಲಿಲ್ಲ. ಈಗ ಎಂಟು ನಿಮಿಷಕ್ಕೇ ವಾರ್ನಿಷ್ ವಾಸನೆ ಏಳುತ್ತಿತ್ತು. ದಿನವೂ ಬೆಂದು ಬೆಂದು ಸುರುಳಿ ಒಳಗೊಳಗೇ ಸಾಯುತ್ತಿದೆ ಎಂದು ಚಾಮಯ್ಯನಿಗೆ ಗೊತ್ತಾಯಿತು. ನಿಲ್ಲಿಸೋಣ ಅಂದರೆ ನವಮಿಗೆ ತಿಂಗಳೂ ಉಳಿದಿಲ್ಲ. ಮುಂದುವರಿಸೋಣ ಅಂದರೆ ಇವತ್ತೋ ನಾಳೆಯೋ ಅನ್ನುವ ಹಾಗಿದೆ. ಹೆಂಡತಿಗೆ ಹೇಳಲಿಲ್ಲ. ಕಂಬದ ಮೇಲೆ ತಪ್ಪು ತಂತಿಗೆ ಕೈಹಾಕಲು ಹೋದದ್ದನ್ನು ನೋಡಿ ಜೊತೆಯವರು ಕೆಳಗಿಳಿಸಿದರು. ಎಂದೂ ದೇವರಲ್ಲಿ ಏನೂ ಬೇಡದವನು, ತಗಡಿನ ಆ ಗಡ್ಡೆಯ ಮುಂದೆ ಕೂತು, ಇನ್ನು ಹದಿನೈದು ದಿನ ತಡಕೋ ಎಂದು ಕೈಮುಗಿದ.

ಪಿತೃಪಕ್ಷದ ಒಂದು ಬೆಳಿಗ್ಗೆ ಎಂದಿನಂತೆ ಕೂತರು. ಬೀರಮ್ಮ ಆರು ಮಾತನ್ನೂ ಎರಡು ಸಲ ಮುಗಿಸಿದ್ದಳು. ವಾಸನೆ ಎದ್ದಿತು. ಅಂಗೈ ಉರಿಯತೊಡಗಿತು. ಚಾಮಯ್ಯ ಮೈಕಿನ ಕಡೆ ಬಗ್ಗುವ ಮೊದಲೇ ಪುಟ್ಟತಾಯಿ ಅವನ ಮುಖ ನೋಡಿ, ಅವನ ಎಡಗೈಯ ಮೇಲೆ ತನ್ನ ಪುಟ್ಟ ಕೈಯನ್ನಿಟ್ಟು, ಹೇಳಿದಳು:

"ಸಾಕು."

ಏರಿಳಿತವಿಲ್ಲದ ದಪ್ಪ ದನಿ. ಆದರೆ ಮಾತು. ಯಾರು ಕೇಳಿದರೂ ತಿಳಿಯುವ ಮಾತು. ತಾಯಿ ಆರಿಸಿದ ಆರರಲ್ಲಿ ಅದು ಇರಲಿಲ್ಲ. ದಿನವೂ ಎಲ್ಲಕ್ಕಿಂತ ಕೊನೆಗೆ ಕಿವಿಗೆ ಬಿದ್ದು ಅಲ್ಲೇ ಉಳಿಯುತ್ತಿದ್ದದ್ದು ಅಪ್ಪನ ಆ ಒಂದು ಮಾತು.

"ಅಂದ್ಲು ಕಣ್ರೀ!" ಬೀರಮ್ಮನ ಕೈಯಿಂದ ಮೈಕು ಜಾರಿತು. "ಅಂದ್ಲು, ಕೇಳ್ಸ್ಕೊಂಡ್ರಾ, ಅಂದ್ಲು!"

ಚಾಮಯ್ಯ ಮೈಕನ್ನು ಬಾಚಿಕೊಂಡ. "ಏನಂದೆ ಮಗಾ? ಇನ್ನೊಂದ್ ಸಲ ಅನ್ನವ್ವ. ಇನ್ನೊಂದೇ ಸಲ."

"ಸಾಕು."

"ಇನ್ನೊಂದ್ ಸಲ!"

"ಸಾಕು."

ಸ್ವಿಚ್ಚಿನ ಮೇಲಿರಬೇಕಾದ ಬಲಗೈಯಲ್ಲಿ ಮೈಕಿತ್ತು. ಅವನು ನಗುತ್ತಿದ್ದ, ಅಳುತ್ತಿದ್ದ, ಎಡಗೈ ಎಲ್ಲಿದೆ ಅನ್ನುವುದೇ ಮರೆತಿತ್ತು. ಹನ್ನೆರಡು ನಿಮಿಷ ದಾಟಿತು, ಹದಿಮೂರು ದಾಟಿತು. ಮಗು ನಗುತ್ತಿರಲಿಲ್ಲ. ಅಪ್ಪನ ಕೈಯನ್ನು ಹಿಡಿದು ಎಳೆಯುತ್ತಿತ್ತು. ಬಿಸಿ ಅದಕ್ಕೂ ತಟ್ಟಿತ್ತು. ಕಣ್ಣಲ್ಲಿ ನೀರು ಸುರಿಸುತ್ತ "ಸಾಕು, ಸಾಕು, ಸಾಕು" ಎಂದು ಕಿರುಚುತ್ತಿತ್ತು. ಮಾತು ಬಂತು, ಮಾತು ಹರಿಯಿತು ಎಂದು ಚಾಮಯ್ಯ ಹಿಗ್ಗುತ್ತಿದ್ದ. ಮಗಳು ಹೇಳು ಅಂದದ್ದನ್ನು ಹೇಳುತ್ತಿಲ್ಲ, ತನ್ನದೇ ಮಾತು ಹೇಳುತ್ತಿದ್ದಾಳೆ ಅನ್ನುವುದು ಎರಡೂ ಕಿವಿ ನೆಟ್ಟಗಿದ್ದ ಅವನಿಗೆ ಕೇಳಿಸಲೇ ಇಲ್ಲ.

ಪೆಟ್ಟಿಗೆಯೊಳಗೆ ಚಿಟ್ಟೆಂದಿತು. ಕಪ್ಪು ಹೊಗೆ ಬುಸ್ಸೆಂದು ಎದ್ದಿತು. ಬೀರಮ್ಮ ವೈರು ಕಿತ್ತಳು. ಚಾಮಯ್ಯ ಕೈ ಎತ್ತಿದಾಗ ಅಂಗೈಯ ಚರ್ಮ ಟ್ರಾನ್ಸ್‌ಫಾರ್ಮರಿನ ತಗಡಿನ ಸಾಲುಗಳಿಗೆ ಅಂಟಿ ಕಿತ್ತುಬಂತು.

ಅದಾದ ನಾಲ್ಕನೆಯ ದಿನ ಬೊಂಬಾಯಿಯ ಮೋಟಾರು ಬಂತು. ಸೋಮವಾರ ಗಲ್ಲಿಗೆ ಹೊಸ ಕರೆಂಟು ಕೊಟ್ಟರು. ಕೈಗೆ ಬಟ್ಟೆ ಸುತ್ತಿಕೊಂಡ ಚಾಮಯ್ಯ ಕೆಳಗೆ ನಿಂತಿದ್ದ, ಕಂಬ ಹತ್ತಿದವನು ಬೇರೊಬ್ಬ. ದೀಪ ಅದುರುವುದು ನಿಂತಿತೆಂದು ಜನ ಬಾಗಿಲಿಗೆ ಬಂದು ಸಂತೋಷಪಟ್ಟರು. ಪ್ರಭುಸ್ವಾಮಿ ಎಲ್ಲರಿಗೂ ಬೆಲ್ಲ ಹಂಚಿದರು. ಚಾಮಯ್ಯನ ಕೈಗೆ ಬೆಲ್ಲ ಇಡುವಾಗ ಅವರೂ ತಲೆ ತಗ್ಗಿಸಿದರು.

ನಂಜುಂಡಸ್ವಾಮಿ 'ನಾನು ಹೇಳಿರಲಿಲ್ಲವೇ' ಎಂದು ಕೇಳಲಿಲ್ಲ. ಸುಟ್ಟ ಸುರುಳಿ ಬಿಚ್ಚಿ ಹೊಸ ತಾಮ್ರದ ತಂತಿ ಕೊಟ್ಟರು. ಒಂದೂವರೆ ಕೈಯಲ್ಲಿ ಚಾಮಯ್ಯ ಸುತ್ತು ಎಣಿಸುತ್ತ ಸುತ್ತಿದ. ತಪ್ಪಿತು, ಬಿಚ್ಚಿದ, ಮತ್ತೆ ಸುತ್ತಿದ. ಬನ್ನಿಮಂಟಪದ ಕಡೆ ಪಂಜು ಹಿಡಿದವರು ಸಾಗಿದ ವಿಜಯದಶಮಿಯೂ ಹೋಯಿತು. ಅದರ ಹಿಂದಿನ ದಿನವೇ ಪುಟ್ಟತಾಯಿಗೆ ಆರು ತುಂಬಿತ್ತು. ಕೆಲಸ ಮುಗಿದಾಗ ಕಾರ್ತಿಕ.

ಹೊಸ ಕರೆಂಟಿನ ಮೇಲೆ ಟ್ರಾನ್ಸ್‌ಫಾರ್ಮರ್ ಗಂಟೆಗಟ್ಟಲೆ ತಣ್ಣಗಿತ್ತು. ಬೀರಮ್ಮ ಮೈಕು ಹಿಡಿದಳು. ಇಡೀ ದಿನ ಮಾತಾಡಬಹುದಿತ್ತು. ಪುಟ್ಟತಾಯಿ ಹೆಡ್‌ಫೋನು ಹಾಕಿಸಿಕೊಂಡಳು. ವಾಲ್ವು ಕೆಂಪಗಾದದ್ದು ಕಂಡೊಡನೆ ಅಪ್ಪನ ಅಂಗೈ ನೋಡಿದಳು. "ಸಾಕು" ಅಂದಳು. ಹೆಡ್‌ಫೋನು ಬಿಚ್ಚಿ ಚಾಪೆಯ ಮೇಲಿಟ್ಟಳು.

"ಸುಡಲ್ಲ ಕಣವ್ವಾ, ನೋಡು, ಸುಡಲ್ಲ," ಎಂದು ಚಾಮಯ್ಯ ಹಸಿ ಗಾಯದ ಕೈಯನ್ನೇ ಅದರ ಮೇಲಿಟ್ಟು ತೋರಿಸಿದ. ಮಗು ಚೀರಿ ಅವನ ಕೈ ಕಿತ್ತು ತನ್ನ ಲಂಗದೊಳಗೆ ಬಚ್ಚಿಟ್ಟುಕೊಂಡಿತು. ಮರುದಿನವೂ ಹಾಗೆಯೇ. ತಿಂಗಳು ಹಾಗೆಯೇ. ಅವಳು ಮತ್ತೆ ಅದನ್ನು ಕಿವಿಗೆ ಹಾಕಲು ಬಿಟ್ಟದ್ದು ಚಾಮಯ್ಯ ಕೋಣೆಯಲ್ಲೇ ಇರದಿದ್ದ ಒಂದು ದಿನ, ವರ್ಷ ಕಳೆದ ಮೇಲೆ. ಅಷ್ಟರಲ್ಲಿ, ತಡವಾದರೆ ನಾಲಿಗೆ ತಿರುಗುವುದಿಲ್ಲ ಎಂದು ಡಾಕ್ಟರು ಹೇಳಿದ್ದು ನಿಜವಾಗಿತ್ತು. ಅವ್ವ, ಅಪ್ಪ, ಅನ್ನ, ನೀರು ಬಂದವು; ಮನೆಯವರನ್ನು ಬಿಟ್ಟು ಯಾರಿಗೂ ತಿಳಿಯದ ಹಾಗೆ ಬಂದವು. ನೆಟ್ಟಗೆ ಉಳಿದದ್ದು ಮೊದಲಿನ ಒಂದೇ ಮಾತು.

ಆ ಬೆಳಗಿನಿಂದ ಚಾಮಯ್ಯನ ಬಾಯಲ್ಲಿ ಆ ಮಾತು ಬರಲಿಲ್ಲ. ಬಂದರೆ ಮೂಗಿಗೆ ವಾರ್ನಿಷ್ ವಾಸನೆ ಬರುತ್ತಿತ್ತು.

ಅರವತ್ತರ ದಶಕ ಅರ್ಧ ಕಳೆದ ಮೇಲೆ, ಮಾತು ಬಾರದವರಿಗೆ, ಕಿವಿ ಕೇಳದವರಿಗೆ ಅಂತಲೇ ಮೈಸೂರಿನಲ್ಲಿ ದೊಡ್ಡ ಸಂಸ್ಥೆ ಶುರುವಾಯಿತು. ಎಲ್ಲೆಲ್ಲಿಂದಲೋ ತಾಯಂದಿರು ಮಕ್ಕಳನ್ನು ಎತ್ತಿಕೊಂಡು ಬರುತ್ತಿದ್ದರು. ಲೈನಿನ ಕೆಲಸಕ್ಕೆ ಆ ಕಡೆ ಹೋದಾಗಲೆಲ್ಲ ಚಾಮಯ್ಯ ಸ್ವಲ್ಪ ಹೊತ್ತು ಗೇಟಿನ ಹತ್ತಿರ ನಿಂತು ಬರುತ್ತಿದ್ದ. ಪುಟ್ಟತಾಯಿಗೆ ಆಗ ಇಪ್ಪತ್ತು ದಾಟಿತ್ತು. ಗಲ್ಲಿಯ ಹೆಂಗಸರಿಗೆಲ್ಲ ರವಿಕೆ ಹೊಲಿದು ಕೊಡುತ್ತಿದ್ದಳು. ಒಳ್ಳೆಯ ಕೈ ಅವಳದು, ಅಪ್ಪನ ಕೈಯ ಹಾಗೆ.

ಮನೆಯಲ್ಲಿ ರಾತ್ರಿಯ ಊಟಕ್ಕೆ ಬಡಿಸುವವಳು ಅವಳೇ. ಸೌಟು ಹಿಡಿದು ಅಪ್ಪನ ಮುಂದೆ ಬಗ್ಗಿ, ಅವನ ಮುಖ ನೋಡಿ, ಆ ದಪ್ಪ ದನಿಯಲ್ಲಿ ಕೇಳುತ್ತಿದ್ದಳು: "ಸಾಕಾ?"

ಚಾಮಯ್ಯ ಇಲ್ಲವೆಂದು ತಲೆಯಾಡಿಸುತ್ತಿದ್ದ. ಮನೆಯಲ್ಲಿ ಅವನು ಅಂಗೈ ಅಡ್ಡ ಹಿಡಿಯುತ್ತಿರಲಿಲ್ಲ. ಇನ್ನೊಂದು ಸೌಟು ಬೀಳುತ್ತಿತ್ತು. "ಸಾಕಾ?" ಮತ್ತೆ ತಲೆಯಾಡಿಸುತ್ತಿದ್ದ. ತಟ್ಟೆಯಲ್ಲಿ ಮುದ್ದೆ ಮುಳುಗಿ ಸಾರು ಅಂಚಿಗೆ ಬರುತ್ತಿತ್ತು.

"ಅದೆಷ್ಟ್ ಸಲ ಕೇಳಿಸ್ಕೊಬೇಕ್ರೀ ನಿಮಗೆ? ನೆಲಕ್ಕೆಲ್ಲ ಚೆಲ್ತದೆ," ಎಂದು ಬೀರಮ್ಮ ಒಲೆಯ ಮುಂದಿನಿಂದಲೇ ಗದರುತ್ತಿದ್ದಳು. ಗದರಿ ಆ ಕಡೆ ಮುಖ ತಿರುಗಿಸಿಕೊಳ್ಳುತ್ತಿದ್ದಳು.

ಪುಟ್ಟತಾಯಿ ತಟ್ಟೆ ನೋಡುತ್ತಿದ್ದಳು, ಅಪ್ಪನ ಎಡಗೈ ನೋಡುತ್ತಿದ್ದಳು. ಸೌಟನ್ನು ಪಾತ್ರೆಯೊಳಗೆ ಇಳಿಸಿ ಈ ಸಲ ಕೇಳದೆ ಹೇಳುತ್ತಿದ್ದಳು: "ಸಾಕು."

ಅವಳು ಹಾಗೆ ಅಂದಮೇಲೆ ಚಾಮಯ್ಯ ಒಂದು ಗಳಿಗೆಯೂ ತಡಮಾಡುತ್ತಿರಲಿಲ್ಲ. ತಟ್ಟೆಯನ್ನು ಹತ್ತಿರಕ್ಕೆ ಎಳೆದುಕೊಂಡು ಊಟಕ್ಕೆ ಕೈಹಾಕುತ್ತಿದ್ದ.